ಮೊದಲು ಪರೀಕ್ಷೆ, ಆಮೇಲೆ ಪಥ್ಯ: ಗೋಧಿ, ಗ್ರಹಣಿ ಮತ್ತು ಮುಂಬಯಿ

1942ರ ಮಾರ್ಚ್‌ನಲ್ಲಿ ಜಪಾನೀ ಸೈನ್ಯ ರಂಗೂನನ್ನು ಹಿಡಿಯಿತು. ಬರ್ಮಾದ ಅಕ್ಕಿ ಹೊತ್ತು ಬರುತ್ತಿದ್ದ ಹಡಗುಗಳು ಮುಂಬಯಿ ಬಂದರಿಗೆ ಬರುವುದು ನಿಂತುಹೋಯಿತು. ಮರುವರ್ಷ, 1943ರ ಮೇ ತಿಂಗಳಲ್ಲಿ, ನಗರದಲ್ಲಿ ಪಡಿತರ ಪದ್ಧತಿ ಜಾರಿಗೆ ಬಂತು. ಕೊಂಕಣದಿಂದ, ಗೋವೆಯಿಂದ, ದಕ್ಷಿಣ ಕನ್ನಡದಿಂದ ಬಂದು ಗಿರಣಿಗಳಲ್ಲಿ, ಗೋದಿಗಳಲ್ಲಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದವರು ಅನ್ನ, ಗಂಜಿ ಉಂಡು ಬೆಳೆದವರು. ಅವರ ಪಡಿತರದ ಚೀಲದಲ್ಲಿ ಅಕ್ಕಿ ಇಳಿಯಿತು, ಗೋಧಿ ಏರಿತು. ಬೇಕೋ ಬೇಡವೋ, ರೊಟ್ಟಿ ಲಟ್ಟಿಸುವುದನ್ನು ಕಲಿಯಬೇಕಾಯಿತು.

ಅದೇ ಯುದ್ಧದ ಕೊನೆಯ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗಾದ ಘಟನೆ ನಡೆಯಿತು. 1944ರ ಶರತ್ಕಾಲದಲ್ಲಿ ಜರ್ಮನ್ ಸೇನೆ ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆಯಿತು. ಬ್ರೆಡ್ ಮಾಯವಾಯಿತು. ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು, ಸಾವಿರಾರು ಮಂದಿ ಹಸಿವಿನಿಂದ ಸತ್ತರು. ಆದರೆ ಒಂದು ಬಗೆಯ ರೋಗಿ ಮಕ್ಕಳು ಆ ಬರಗಾಲದಲ್ಲಿ ಕೆಡಲಿಲ್ಲ, ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಆ ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುವ ರೋಗ ಅದು.

ಗೋಧಿ ಹೋದ ಊರಿನಲ್ಲಿ ಈ ರೋಗದ ಗುಟ್ಟು ಬಯಲಾಯಿತು. ಗೋಧಿ ಬಂದ ಊರಿನಲ್ಲಿ ಅದು ಬೇರೆ ಬೇರೆ ಹೆಸರುಗಳ ಹಿಂದೆ ಬಹುಕಾಲ ಅಡಗಿ ಕೂತಿತು. ರಕ್ತಹೀನತೆ, ಗ್ರಹಣಿ, ಸ್ಪ್ರೂ, ಹೊಟ್ಟೆಯ ಕ್ಷಯ: ಮುಂಬಯಿಯ ದವಾಖಾನೆಗಳಲ್ಲಿ ಇದು ಹೊತ್ತ ಹೆಸರುಗಳು ಇವು.

ತಿಂದದ್ದು ಮೈಗೆ ಹತ್ತದ ರೋಗ

‘ತಿಂದದ್ದು ಮೈಗೆ ಹತ್ತುವುದಿಲ್ಲ’ ಎಂದು ಕನ್ನಡದ ತಾಯಂದಿರು ಹೇಳುವ ಮಾತಿನಲ್ಲಿ ಈ ಕಾಯಿಲೆಯ ಸಾರವೆಲ್ಲ ಇದೆ. ಊಟ ಮಾಡಿದರೂ ಮಗು ಸೊರಗುತ್ತದೆ, ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬುತ್ತದೆ, ಭೇದಿ ನಿಲ್ಲುವುದಿಲ್ಲ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಕಪಡೋಸಿಯಾದ ಅರಟೇಯಸ್ ಎಂಬ ಗ್ರೀಕ್ ವೈದ್ಯ ಇಂಥ ರೋಗಿಗಳನ್ನು ಕಂಡು ‘ಕೊಯ್ಲಿಯಾಕೋಸ್’ ಎಂದ. ಹೊಟ್ಟೆಯವನು ಎಂಬುದು ಅದರ ಅರ್ಥ. ನಮ್ಮಲ್ಲಿ ಚರಕಸಂಹಿತೆಯ ಚಿಕಿತ್ಸಾಸ್ಥಾನ ಗ್ರಹಣಿಗೇ ಒಂದು ಅಧ್ಯಾಯ ಮೀಸಲಿಟ್ಟಿತು, ಮಜ್ಜಿಗೆಯನ್ನು ಅದಕ್ಕೆ ಹಿತವೆಂದಿತು. ಗ್ರಹಣಿ, ಸಂಗ್ರಹಣಿ ಎಂಬ ಪದಗಳು ಕನ್ನಡದಲ್ಲೂ ಮರಾಠಿಯಲ್ಲೂ ಇಂದಿಗೂ ಉಳಿದಿವೆ. ಆದರೆ ಇವೆಲ್ಲ ಲಕ್ಷಣದ ಹೆಸರುಗಳು. ಒಂದೇ ಲಕ್ಷಣದ ಹಿಂದೆ ಹತ್ತು ರೋಗಗಳಿರಬಹುದು ಎಂಬುದು ಆಗಿನ ಯಾರಿಗೂ ಸ್ಪಷ್ಟವಿರಲಿಲ್ಲ.

1887ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಗೀ ಮಾಡಿದ ಉಪನ್ಯಾಸ ಈ ರೋಗಕ್ಕೆ ಆಧುನಿಕ ರೂಪ ಕೊಟ್ಟಿತು. ಮರುವರ್ಷ ಅದು ಅಚ್ಚಾಯಿತು. ಗುಣವಾಗುವುದಾದರೆ ಪಥ್ಯದಿಂದಲೇ ಗುಣವಾಗಬೇಕು ಎಂಬುದು ಅವನ ತೀರ್ಮಾನ. ಆ ತೀರ್ಮಾನ ಸರಿ, ಪಥ್ಯದ ಪಟ್ಟಿ ಮಾತ್ರ ಅಡಿಮೇಲು. ಅಕ್ಕಿ, ಸಾಬೂದಾಣಿ, ಜೋಳದ ಹಿಟ್ಟು ಕೂಡದು ಎಂದ. ಎರಡೂ ಬದಿ ಚೆನ್ನಾಗಿ ಸುಟ್ಟ ತೆಳ್ಳನೆಯ ಬ್ರೆಡ್ಡಿಗೆ ಒಪ್ಪಿಗೆ ಕೊಟ್ಟ. ರೋಗಿಗೆ ಹಿತವಾದದ್ದನ್ನು ಕಸಿದು, ವಿಷವಾದದ್ದನ್ನು ತಟ್ಟೆಯಲ್ಲೇ ಉಳಿಸಿದಂತಾಯಿತು. ಅವನ ಒಬ್ಬ ಪುಟ್ಟ ರೋಗಿಗೆ ದಿನವೂ ಹಾಲೆಂಡಿನ ಚಿಪ್ಪುಮೀನು ತಿನ್ನಿಸಿದರಂತೆ, ನಮ್ಮ ಕರಾವಳಿಯವರು ನೀಲಿಕಲ್ಲು, ಪಚ್ಚಿಲೆ ಎನ್ನುವ ಜಾತಿಯದು. ಮಗು ಚೆನ್ನಾಗಿ ಚೇತರಿಸಿತು. ಚಿಪ್ಪುಮೀನಿನ ಕಾಲ ಮುಗಿದೊಡನೆ ಮತ್ತೆ ಬಿದ್ದುಕೊಂಡಿತು. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ತಂದರು. ಮಕ್ಕಳು ಅದರಿಂದ ಉಳಿದರು, ಆದರೆ ಉಳಿಸಿದ್ದು ಬಾಳೆಹಣ್ಣಿನ ಗುಣವಲ್ಲ. ಹೊಟ್ಟೆ ತುಂಬ ಬಾಳೆಹಣ್ಣು ತಿಂದ ಮಗು ಬ್ರೆಡ್ ತಿನ್ನಲಿಲ್ಲ, ಅಷ್ಟೇ.

ಈ ಗಂಟನ್ನು ಬಿಡಿಸಿದವರು ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ವಿಲೆಮ್ ಕಾರೆಲ್ ಡಿಕೆ. ಬ್ರೆಡ್ಡಿನ ಮೇಲೆ ಅವರಿಗೆ 1930ರ ದಶಕದಲ್ಲೇ ಗುಮಾನಿ ಇತ್ತು. ಗೋಧಿಯಿಲ್ಲದ ಪಥ್ಯದ ಬಗ್ಗೆ 1941ರಲ್ಲೇ ಡಚ್ ಭಾಷೆಯಲ್ಲಿ ಬರೆದಿದ್ದರು. ಹಸಿವಿನ ಚಳಿಗಾಲ ಆ ಗುಮಾನಿಯನ್ನು ಗಟ್ಟಿಮಾಡಿತು. ಆದರೆ ಗುಮಾನಿಯೇ ಪುರಾವೆಯಲ್ಲ. ಯುದ್ಧದ ನಂತರ ವೈದ್ಯ ವೈಯರ್ಸ್ ಮತ್ತು ರಸಾಯನಶಾಸ್ತ್ರಜ್ಞ ವಾನ್ ಡಿ ಕಾಮರ್ ಜೊತೆ ಸೇರಿ, ಮಕ್ಕಳ ಮಲದಲ್ಲಿ ಎಷ್ಟು ಕೊಬ್ಬು ವ್ಯರ್ಥವಾಗಿ ಹೋಗುತ್ತಿದೆ ಎಂದು ಅಳೆದರು. ಗೋಧಿ ಕೊಟ್ಟಾಗ ಕೊಬ್ಬು ಏರಿತು, ಗೋಧಿ ಬಿಡಿಸಿದಾಗ ಇಳಿಯಿತು. 1950ರಲ್ಲಿ ಇದು ಅವರ ಡಾಕ್ಟರೇಟ್ ಪ್ರಬಂಧವಾಯಿತು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಷಾರ್ಲಟ್ ಆಂಡರ್ಸನ್ ಮತ್ತು ಸಂಗಡಿಗರು, ಕೆಡುಕು ಗೋಧಿಯ ಪಿಷ್ಟದಲ್ಲಿಲ್ಲ, ಗ್ಲುಟೆನ್ನಿನಲ್ಲಿದೆ ಎಂದು ತೋರಿಸಿದರು.

ಪರೇಲಿನ ರಕ್ತಹೀನತೆ

ಇತ್ತ ಮುಂಬಯಿಯಲ್ಲಿ ಕರುಳಿನ ಕಥೆ ಶುರುವಾದದ್ದು ರಕ್ತದಿಂದ. ಪರೇಲ್ ಆಗ ಗಿರಣಿಗಳ ನಡುವಿನ ಆಸ್ಪತ್ರೆಗಳ ಪೇಟೆ. ಹಳೆಯ ಗವರ್ನರ್ ಬಂಗಲೆಯಲ್ಲಿ ಹಾಫ್‌ಕಿನ್ ಸಂಸ್ಥೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ 1926ರಲ್ಲಿ ತೆರೆದ ಕೆಇಎಂ ಆಸ್ಪತ್ರೆ, 1929ರಲ್ಲಿ ತೆರೆದ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಹಾಫ್‌ಕಿನ್ ಸಂಸ್ಥೆಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರಲ್ಲಿ ಕಾಣುತ್ತಿದ್ದ, ಹಲವರ ಜೀವ ತೆಗೆಯುತ್ತಿದ್ದ ತೀವ್ರ ರಕ್ತಹೀನತೆಯ ಮೂಲ ಹುಡುಕುವುದು ಅವರ ಕೆಲಸ. ಆ ಹೆಂಗಸರ ಕೆಂಪು ರಕ್ತಕಣಗಳು ಸಹಜಕ್ಕಿಂತ ದೊಡ್ಡವಾಗಿ, ಸಂಖ್ಯೆಯಲ್ಲಿ ಕಡಿಮೆಯಾಗಿ ಇರುತ್ತಿದ್ದವು.

ವಿಲ್ಸ್ ಅವರ ಊಟ ತಿಂಡಿಗಳನ್ನು ವಿಚಾರಿಸಿದರು, ಇಲಿಗಳ ಮೇಲೆ, ಕೋತಿಗಳ ಮೇಲೆ ಪ್ರಯೋಗ ಮಾಡಿದರು. ಕೊನೆಗೆ ಗುಣ ಕೊಟ್ಟದ್ದು ಅಗ್ಗದ ಒಂದು ಪದಾರ್ಥ: ಬಿಯರ್ ಕಾರ್ಖಾನೆಯ ಯೀಸ್ಟಿನಿಂದ ತಯಾರಿಸುವ ಮಾರ್ಮೈಟ್ ಎಂಬ ಲೇಹ್ಯ. 1931ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದರಲ್ಲಿದ್ದ ಅನಾಮಧೇಯ ಅಂಶವನ್ನು ‘ವಿಲ್ಸ್ ಅಂಶ’ ಎಂದೇ ಕರೆದರು. 1940ರ ದಶಕದಲ್ಲಿ ಅದನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ತಯಾರಿಸಿದಾಗ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಇಂದು ದೇಶದ ಪ್ರತಿ ಬಸುರಿಗೂ ಕೊಡುವ ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆಯಲ್ಲಿ ಪರೇಲಿನ ಆ ಹೆಂಗಸರ ಪಾಲಿದೆ.

ವಿಲ್ಸ್ ಹುಡುಕಿದ್ದು ಊಟದಲ್ಲಿನ ಕೊರತೆಯನ್ನು. ಆದರೆ ಕಬ್ಬಿಣ, ಫೋಲಿಕ್ ಆಮ್ಲ ಎರಡನ್ನೂ ಹೀರಿಕೊಳ್ಳುವುದು ಸಣ್ಣ ಕರುಳಿನ ಮೇಲ್ಭಾಗ. ಸೀಲಿಯಾಕ್ ಮೊದಲು ಹಾಳುಮಾಡುವುದೂ ಅದೇ ಭಾಗವನ್ನು. ಹಾಗಾಗಿ ಊಟದಲ್ಲಿ ಎಲ್ಲ ಇದ್ದರೂ ರಕ್ತಕ್ಕೆ ಏನೂ ಸೇರದ ರೋಗಿಯೊಬ್ಬಳು ಮೇಲ್ನೋಟಕ್ಕೆ ಊಟ ಸಾಲದ ರೋಗಿಯಂತೆಯೇ ಕಾಣುತ್ತಾಳೆ. ಬಡತನ ಮತ್ತು ಅಪೌಷ್ಟಿಕತೆ ಕಣ್ಣೆದುರೇ ಇರುವ ಊರಿನಲ್ಲಿ ರಕ್ತಹೀನತೆಗೆ ಇನ್ನೊಂದು ಕಾರಣ ಹುಡುಕಬೇಕೆಂದು ಯಾರಿಗೆ ಹೊಳೆದೀತು? ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ ಕರುಳನ್ನು ನೋಡಬೇಕು ಎಂಬ ಇಂದಿನ ವೈದ್ಯರ ಎಚ್ಚರ ಈ ಅನುಭವದಿಂದ ಬಂದದ್ದು.

ಸ್ಪ್ರೂ ಎಂಬ ಮೊದಲ ಗುಮಾನಿ

ಮುಂಬಯಿಯ ವೈದ್ಯರು ಕರುಳನ್ನು ನೋಡಿದಾಗಲೂ ಅಲ್ಲಿ ಮೊದಲು ಕಂಡದ್ದು ಬೇರೊಂದು ರೋಗ, ಉಷ್ಣವಲಯದ ಸ್ಪ್ರೂ. ‘ಸ್ಪ್ರೂ’ ಎಂಬುದು ಡಚ್ ಮೂಲದ ಪದ. ಇದರಲ್ಲೂ ಭೇದಿ, ಸೊರಗು, ನಾಲಗೆ ಹುಣ್ಣು, ರಕ್ತಹೀನತೆ. ಸಣ್ಣ ಕರುಳಿನ ಒಳಮೈಯಲ್ಲಿ ಬೆರಳಿನಾಕಾರದ ಲಕ್ಷಾಂತರ ಸೂಕ್ಷ್ಮ ಎಳೆಗಳಿರುತ್ತವೆ. ಆಹಾರದ ಸತ್ವ ಹೀರುವುದು ಇವೇ. ಸೀಲಿಯಾಕ್‌ನಲ್ಲಿ ಈ ಎಳೆಗಳು ಸವೆದು ಚಪ್ಪಟೆಯಾಗುತ್ತವೆ, ಸ್ಪ್ರೂನಲ್ಲೂ ಮೊಂಡಾಗುತ್ತವೆ. ಮದ್ದು ಮಾತ್ರ ಪೂರ್ತಿ ಬೇರೆ. ಸ್ಪ್ರೂಗೆ ಫೋಲಿಕ್ ಆಮ್ಲ, ಬಿ12 ಮತ್ತು ಕೆಲವು ತಿಂಗಳ ಟೆಟ್ರಾಸೈಕ್ಲಿನ್ ಸಾಕು. ಸೀಲಿಯಾಕ್‌ಗೆ ಮಾತ್ರೆಯಿಲ್ಲ, ಬದುಕಿರುವಷ್ಟು ಕಾಲ ಗೋಧಿ ಬಿಡಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತ, ಬರ್ಮಾ ಗಡಿಯ ಸೈನಿಕರನ್ನು ಸ್ಪ್ರೂ ಕಾಡಿತು. 1960ರ ದಶಕದಲ್ಲಿ ತಮಿಳುನಾಡಿನ ಹಳ್ಳಿಗಳಲ್ಲಿ ಅದು ಸಾಂಕ್ರಾಮಿಕದಂತೆ ಹರಡಿದಾಗ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್ ಮತ್ತು ವಿ.ಐ. ಮಥಾನ್ ಊರೂರು ತಿರುಗಿ ಅಧ್ಯಯನ ಮಾಡಿದರು. ಅದೇ ದಶಕದಲ್ಲಿ ಮುಂಬಯಿಯಲ್ಲಿ ಕೆ.ಎನ್. ಜೀಜೀಭಾಯ್, ಎಚ್.ಜಿ. ದೇಸಾಯಿ ಮತ್ತು ಸಂಗಡಿಗರು ಪಶ್ಚಿಮ ಭಾರತದ ರೋಗಿಗಳಲ್ಲಿ ಆಹಾರ ಹೀರಿಕೆಯ ದೋಷವನ್ನು ವ್ಯವಸ್ಥಿತವಾಗಿ ಅಳೆದು ಬರೆದರು. ಜೀಜೀಭಾಯ್ ಮುಂದೆ ಟೊರೊಂಟೊಗೆ ಹೋದರು. ಕರುಳೇ ಕೆಲಸ ಮಾಡದ ರೋಗಿಗಳಿಗೆ ಮನೆಯಲ್ಲೇ ರಕ್ತನಾಳದ ಮೂಲಕ ಪೂರ್ತಿ ಆಹಾರ ಕೊಡುವ ವಿಧಾನದ ಮೊದಲಿಗರಲ್ಲಿ ಒಬ್ಬರೆಂದು ಹೆಸರಾದರು.

ಸ್ಪ್ರೂ ಈ ಪ್ರದೇಶದ ನಿಜವಾದ ರೋಗ, ವೈದ್ಯರು ಅದನ್ನು ಮೊದಲು ನೆನೆದದ್ದರಲ್ಲಿ ತಪ್ಪಿಲ್ಲ. ತೊಡಕು ಇದ್ದದ್ದು ಇನ್ನೊಂದು ಕಡೆ. ಸೀಲಿಯಾಕ್ ಬಿಳಿಯರ ಮಕ್ಕಳ ರೋಗ, ನಮ್ಮವರಿಗೆ ಬರುವುದಿಲ್ಲ ಎಂಬ ನಂಬಿಕೆ ಪಾಠಪುಸ್ತಕಗಳಿಂದಲೇ ಬಂದಿತ್ತು. ಹುಡುಕದ್ದು ಸಿಗುವುದಿಲ್ಲ.

1966

ಆ ನಂಬಿಕೆ ಮುರಿದದ್ದು 1966ರಲ್ಲಿ. ಒಂದೇ ವರ್ಷ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ದೆಹಲಿಯಿಂದ ಎರಡು ಲೇಖನಗಳು ಬಂದವು. ಬಿ.ಎನ್. ವಾಲಿಯಾ ಮತ್ತು ಸಂಗಡಿಗರು ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಇದೆಯೆಂದು ತೋರಿಸಿದರು. ಮಿಶ್ರಾ, ಕಸ್ತೂರಿ, ಚುಟ್ಟಾನಿ ಇವರು ಉಷ್ಣವಲಯದ ವಯಸ್ಕರಲ್ಲೂ ಇದೆಯೆಂದರು. 1973ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೈದ್ಯರು ಭಾರತ ಉಪಖಂಡದಿಂದ ವಲಸೆ ಬಂದವರ ಮಕ್ಕಳಲ್ಲಿ ಇದೇ ರೋಗ ಕಂಡು ಲ್ಯಾನ್ಸೆಟ್‌ನಲ್ಲಿ ಬರೆದರು.

ಅದೇ 1966ರಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ್ ವೈದ್ಯ ಎಂಬವರು ಬಟಾಟೆ ವಡೆಯನ್ನು ಪಾವಿನ ನಡುವೆ ಇಟ್ಟು ಮಾರಲು ಶುರುಮಾಡಿದರೆಂದು ಮುಂಬಯಿಯಲ್ಲಿ ಹೇಳುತ್ತಾರೆ. ಪಾವು ಪೋರ್ಚುಗೀಸರ ಪದ. ಗೋವೆಯ ಬೇಕರಿಯವರು, ಆಮೇಲೆ ಇರಾನಿಯವರು ಅದನ್ನು ನಗರದ ಮೂಲೆಮೂಲೆಗೆ ಮುಟ್ಟಿಸಿದ್ದರು. 1956ರ ಪಿಎಲ್ 480 ಒಪ್ಪಂದದ ನಂತರ ಅಮೆರಿಕದ ಗೋಧಿ ಹಡಗುಗಟ್ಟಲೆ ಬಂದಿಳಿಯುತ್ತಿತ್ತು. 1947ರ ನಂತರ ಸಯಾನ್ ಕೋಳಿವಾಡಕ್ಕೆ ಪಂಜಾಬಿನ, ಉಲ್ಲಾಸನಗರಕ್ಕೆ ಸಿಂಧಿನ ನಿರಾಶ್ರಿತರು ಬಂದು ನೆಲೆಸಿದ್ದರು. ರಾಜಸ್ಥಾನ, ಉತ್ತರ ಪ್ರದೇಶದಿಂದ ವಲಸೆ ನಡೆದೇ ಇತ್ತು. ಗೋಧಿ ಉಣ್ಣುವವರು ಮುಂಬಯಿಗೆ ಬಂದರು, ಮುಂಬಯಿಯವರು ಗೋಧಿ ಉಣ್ಣತೊಡಗಿದರು. ಲೋಕಲ್ ರೈಲಿನ ಓಟದಲ್ಲಿ ಕೈಯಲ್ಲಿ ಹಿಡಿದು ತಿನ್ನುವುದೆಲ್ಲ ಗೋಧಿಯದ್ದೇ ಆಯಿತು.

ಕರುಳಿನ ಚೂರು, ರಕ್ತದ ಹನಿ

ರೋಗ ಇದೆಯೆಂದು ಒಪ್ಪುವುದು ಒಂದು, ಒಬ್ಬ ರೋಗಿಯಲ್ಲಿ ಅದನ್ನು ಸಾಬೀತು ಮಾಡುವುದು ಇನ್ನೊಂದು. 1956ರಲ್ಲಿ ಲಂಡನ್ನಿನ ಮಾರ್ಗಟ್ ಶೈನರ್ ಬಾಯಿಯ ಮೂಲಕ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆಯುವ ವಿಧಾನ ಕಂಡುಹಿಡಿದರು. ಮರುವರ್ಷ ಕ್ರಾಸ್ಬಿ ಕ್ಯಾಪ್ಸೂಲ್ ಬಂತು. ನುಂಗಿಸಿದ ಪುಟ್ಟ ಗುಂಡಿಗೆಯೊಳಗಿನ ಬ್ಲೇಡು ಕರುಳಿನ ಚೂರು ಕತ್ತರಿಸಿಕೊಂಡು ಬರುತ್ತಿತ್ತು. 1970ರಲ್ಲಿ ಯುರೋಪಿನ ಮಕ್ಕಳ ಜಠರ ವೈದ್ಯರು ಹಾಕಿಕೊಂಡ ಕಟ್ಟಳೆಯಂತೆ ಒಂದು ಮಗುವಿಗೆ ಮೂರು ಬಾರಿ ಈ ಪರೀಕ್ಷೆ ಆಗಬೇಕಿತ್ತು: ಗೋಧಿ ತಿನ್ನುವಾಗ, ಬಿಟ್ಟ ಮೇಲೆ, ಮತ್ತೆ ತಿಂದ ಮೇಲೆ. ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಸರತಿಯಲ್ಲಿ ನಿಂತು, ಕೂಲಿ ಬಿಟ್ಟು, ಉಪನಗರದಿಂದ ಮಗುವನ್ನು ಹೊತ್ತು ತರುವ ತಾಯಿಗೆ ಮೂರು ಸಲ ಎಂಬುದು ಎಂಥ ಮಾತು ಎಂದು ಊಹಿಸಬಹುದು. 1990ರಲ್ಲಿ ನಿಯಮ ಸಡಿಲವಾಯಿತು.

ದೊಡ್ಡ ತಿರುವು ಬಂದದ್ದು 1997ರಲ್ಲಿ. ಬರ್ಲಿನ್ನಿನ ಡೀಟ್ರಿಷ್, ಷುಪ್ಪಾನ್ ಮತ್ತು ಸಂಗಡಿಗರು, ಸೀಲಿಯಾಕ್ ರೋಗಿಗಳ ದೇಹ ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ತನ್ನದೇ ಕಿಣ್ವದ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ ಎಂದು ಕಂಡುಹಿಡಿದರು. ಆ ಪ್ರತಿಕಾಯವನ್ನು ಒಂದಿಷ್ಟು ರಕ್ತದಲ್ಲಿ ಅಳೆಯಬಹುದು. ಟಿಟಿಜಿ ಎಂದು ಲ್ಯಾಬಿನ ಚೀಟಿಯಲ್ಲಿ ಬರೆಯುವುದು ಇದನ್ನೇ. ಕರುಳಿನ ಚೂರು ತೆಗೆಯುವ ಮುನ್ನವೇ ಯಾರನ್ನು ಹೆಚ್ಚಿನ ಪರೀಕ್ಷೆಗೆ ಕಳಿಸಬೇಕು ಎಂದು ತಿಳಿಯುವಂತಾಯಿತು.

ರಕ್ತಪರೀಕ್ಷೆ ಬಂದ ಮೇಲೆ ಭಾರತದ ನಕ್ಷೆಯೇ ಬದಲಾಯಿತು. 2006ರಲ್ಲಿ ಪ್ರಕಟವಾದ ಲುಧಿಯಾನದ ಶಾಲಾಮಕ್ಕಳ ಅಧ್ಯಯನದಲ್ಲಿ 310 ಮಕ್ಕಳಿಗೆ ಒಬ್ಬರಲ್ಲಿ, 2011ರ ದೆಹಲಿ ಪ್ರದೇಶದ ಅಧ್ಯಯನದಲ್ಲಿ 96 ಮಂದಿಗೆ ಒಬ್ಬರಲ್ಲಿ ಸೀಲಿಯಾಕ್ ಕಂಡಿತು. 2016ರಲ್ಲಿ ಬಿ.ಎಸ್. ರಾಮಕೃಷ್ಣ, ಗೋವಿಂದ ಮಖಾರಿಯಾ ಮತ್ತು ಸಂಗಡಿಗರು ಉತ್ತರ, ಈಶಾನ್ಯ, ದಕ್ಷಿಣ ಭಾರತಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ವರದಿ ತಂದರು. ಪ್ರತಿಕಾಯ ಕಂಡವರು ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10. ರೋಗಕ್ಕೆ ದಾರಿ ಮಾಡಿಕೊಡುವ ವಂಶವಾಹಿಗಳು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಎದ್ದು ಕಂಡ ವ್ಯತ್ಯಾಸ ತಟ್ಟೆಯದ್ದು: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ, ಈಶಾನ್ಯದವರು 37 ಗ್ರಾಂ, ದಕ್ಷಿಣದವರು 25 ಗ್ರಾಂ.

ಗೋಧಿಯೊಂದೇ ಕಾರಣವೆಂದು ಇದರಿಂದ ಹೇಳಲಾಗದು. ಈಶಾನ್ಯದ ಅಂಕಿಯೇ ಅದಕ್ಕೆ ಅಡ್ಡ ಬರುತ್ತದೆ. ಆದರೆ ದಕ್ಷಿಣದವರ ರಕ್ತ ಬೇರೆ, ನಮಗೆ ಈ ರೋಗ ಬಾರದು ಎಂಬ ಸಮಾಧಾನ ಮಾತ್ರ ಇನ್ನು ಉಳಿಯಲಿಲ್ಲ. ಮುಂಬಯಿಯಲ್ಲಿ ಎರಡು ಮೂರು ತಲೆಮಾರಿನಿಂದ ಚಪಾತಿ ಡಬ್ಬಿ ಕಟ್ಟುವ ಕನ್ನಡ, ತುಳು, ಕೊಂಕಣಿ ಮನೆಗಳು ಊರಿನ ತಟ್ಟೆಯನ್ನು ಹಿಂದೆಯೇ ಬಿಟ್ಟಿವೆ.

ಸಯಾನಿನ 203 ಮಂದಿ

ಹಾಗಾದರೆ ಮುಂಬಯಿಯಲ್ಲಿ ಏನು ಸಿಕ್ಕಿತು? ಸಯಾನಿನ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆಗೆ ಧಾರಾವಿಯಿಂದಲೂ ಬರುತ್ತಾರೆ, ದೂರದ ಉಪನಗರಗಳಿಂದಲೂ ಬರುತ್ತಾರೆ. ಅಲ್ಲಿನ ಜಠರರೋಗ ವಿಭಾಗದವರು ದೀರ್ಘಕಾಲದ ಭೇದಿ ಮತ್ತು ಹೀರಿಕೆಯ ದೋಷವಿದ್ದ 203 ರೋಗಿಗಳ ಲೆಕ್ಕವನ್ನು 2016ರಲ್ಲಿ ಪ್ರಕಟಿಸಿದರು. 98 ಮಂದಿಗೆ ಇದ್ದದ್ದು ಉಷ್ಣವಲಯದ ಸ್ಪ್ರೂ. 25 ಮಂದಿಗೆ ಪರೋಪಜೀವಿಗಳ ಸೋಂಕು, 22 ಮಂದಿಗೆ ಕ್ಷಯ. ಸೀಲಿಯಾಕ್ ಇದ್ದವರು 11 ಮಂದಿ.

ದೆಹಲಿಯ ಏಮ್ಸ್‌ನಲ್ಲಿ ಇಂಥದೇ ವಯಸ್ಕ ರೋಗಿಗಳ ಲೆಕ್ಕ ಕೆಲವು ವರ್ಷ ಮೊದಲು ಬಂದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಂಡದ್ದು ಸೀಲಿಯಾಕ್. ಒಂದೇ ದೇಶ, ಒಂದೇ ಲಕ್ಷಣ, ಎರಡು ಆಸ್ಪತ್ರೆಗಳಲ್ಲಿ ಎರಡು ಉತ್ತರ. ಮುಂಬಯಿಯ ವೈದ್ಯರಿಗೆ ಈ ಅಂಕಿಗಳು ಎರಡು ಕಡೆಯಿಂದ ಬುದ್ಧಿ ಹೇಳುತ್ತವೆ. ಕರುಳಿನ ಎಳೆ ಮೊಂಡಾಗಿದೆ ಎಂದ ಮಾತ್ರಕ್ಕೆ ಸೀಲಿಯಾಕ್ ಎಂದು ಹೇಳಿ ಜನ್ಮವಿಡೀ ಗೋಧಿ ಬಿಡಿಸಿದರೆ, ಕೆಲವು ತಿಂಗಳ ಮಾತ್ರೆಯಲ್ಲಿ ವಾಸಿಯಾಗುವ ಸ್ಪ್ರೂ ರೋಗಿಗೆ ಸುಮ್ಮನೆ ಶಿಕ್ಷೆ. ಇಲ್ಲಿ ಹೆಚ್ಚಿನವು ಸ್ಪ್ರೂ ಎಂದು ಹೇಳಿ ರಕ್ತಪರೀಕ್ಷೆ ಬಿಟ್ಟರೆ, ಆ 11 ಮಂದಿ ಮಾತ್ರೆ ನುಂಗುತ್ತಾ, ಗೋಧಿ ತಿನ್ನುತ್ತಾ ಕರಗುತ್ತಾರೆ. ಕ್ಷಯದ ಊರಿನಲ್ಲಿ ಮೂರನೇ ಅಪಾಯವೂ ಇದೆ. ಹೊಟ್ಟೆ ಉಬ್ಬಿ ತೂಕ ಇಳಿದವರಿಗೆ ಪುರಾವೆ ಸಿಗುವ ಮೊದಲೇ ಕ್ಷಯದ ಮದ್ದು ಶುರುವಾಗಿಬಿಡಬಹುದು.

ಇನ್ನೊಂದು ಮಾತು. ಈ ಲೆಕ್ಕದಲ್ಲಿ ಬಂದವರೆಲ್ಲ ಭೇದಿ ಎಂದು ಬಂದವರು. ಭೇದಿಯೇ ಇಲ್ಲದ ಸೀಲಿಯಾಕ್ ರೋಗಿಗಳು ಬಹಳ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಹುಡುಗ, ಮೈನೆರೆಯುವುದು ತಡವಾದ ಹುಡುಗಿ, ಮತ್ತೆ ಮತ್ತೆ ಗರ್ಭ ಇಳಿಯುವ ಹೆಂಗಸು, ನಡುವಯಸ್ಸಿಗೇ ಮೂಳೆ ಟೊಳ್ಳಾದವರು, ಟೈಪ್ 1 ಮಧುಮೇಹ ಅಥವಾ ಥೈರಾಯ್ಡ್ ತೊಂದರೆ ಇರುವವರು. ಇವರೆಲ್ಲ ಬೇರೆ ಬೇರೆ ವಿಭಾಗಗಳ ಬಾಗಿಲಲ್ಲಿ ಕೂತಿರುತ್ತಾರೆ. ಕರುಳಿನ ವೈದ್ಯರ ಬಳಿ ಬರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ.

ಪಥ್ಯ ಮೊದಲಾದರೆ

ಹಿಂದೆ ರೋಗವೇ ಗೊತ್ತಿರಲಿಲ್ಲ. ಈಗ ಹೆಸರು ಎಲ್ಲರಿಗೂ ಗೊತ್ತಾಗಿ ಹೊಸ ತೊಡಕು ಹುಟ್ಟಿದೆ. ಗ್ಲುಟೆನ್ ರಹಿತ ಎಂಬುದು ಬಾಂದ್ರಾ, ಜುಹುವಿನ ಕೆಫೆಗಳಲ್ಲಿ ತೆಳ್ಳಗಾಗುವ ದಾರಿಯಾಗಿ ಬಂತು. ಹೊಟ್ಟೆ ಉಬ್ಬರಿಸಿತೆಂದು ಯಾರೋ ಹೇಳಿದ ಮಾತಿಗೆ ಜನ ಚಪಾತಿ ಬಿಟ್ಟು ನೋಡುತ್ತಾರೆ, ಹಗುರವೆನಿಸುತ್ತದೆ, ತಿಂಗಳುಗಳಾದ ಮೇಲೆ ಪರೀಕ್ಷೆಗೆ ಹೋಗುತ್ತಾರೆ. ಅಷ್ಟರಲ್ಲಿ ಪುರಾವೆ ಅಳಿಸಿಹೋಗಿರುತ್ತದೆ. ಗೋಧಿ ಬಿಟ್ಟರೆ ಪ್ರತಿಕಾಯ ಇಳಿಯುತ್ತದೆ, ಕರುಳಿನ ಎಳೆಗಳು ಮತ್ತೆ ಚಿಗುರುತ್ತವೆ. ರೋಗ ಇದ್ದೂ ವರದಿ ಇಲ್ಲವೆನ್ನುತ್ತದೆ. ಸರಿಯಾದ ಉತ್ತರ ಬೇಕಾದರೆ ವೈದ್ಯರ ಕಣ್ಗಾವಲಿನಲ್ಲಿ ಹಲವು ವಾರ ಮತ್ತೆ ಗೋಧಿ ತಿನ್ನಬೇಕು. ಅದು ಎಷ್ಟೋ ಜನರಿಂದ ಆಗುವುದಿಲ್ಲ.

ಆದ್ದರಿಂದ ಅನುಕ್ರಮವೇ ಇಲ್ಲಿ ಮುಖ್ಯ. ಎಂದಿನಂತೆ ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ ಐಜಿಎ ಪರೀಕ್ಷೆ. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯದ ಬಗೆಯೇ ಇರುವುದಿಲ್ಲ, ಅವರ ವರದಿ ಸುಳ್ಳೇ ಸರಿಯಾಗಿ ಬರುತ್ತದೆ. ಹಾಗಾಗಿ ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಗೆ ನೋಡಬೇಕು. ಆಮೇಲೆ ಎಂಡೋಸ್ಕೋಪಿ, ಸಣ್ಣ ಕರುಳಿನ ಬೇರೆ ಬೇರೆ ಕಡೆಯಿಂದ ಹಲವು ಚೂರುಗಳ ಬಯಾಪ್ಸಿ. ಹಾನಿ ಅಲ್ಲಲ್ಲಿ ತೇಪೆಯಂತಿರುವುದರಿಂದ ಒಂದೇ ಚೂರು ಸಾಲದು. 2020ರ ಯುರೋಪಿನ ಸೂಚಿಯಂತೆ ಮಕ್ಕಳಲ್ಲಿ ಟಿಟಿಜಿ ಮಿತಿಗಿಂತ ಹತ್ತುಪಟ್ಟು ಮೀರಿದ್ದು, ಎರಡನೇ ಬಾರಿ ತೆಗೆದ ರಕ್ತದಲ್ಲಿ ಇನ್ನೊಂದು ಪ್ರತಿಕಾಯವೂ ಕಂಡರೆ ಬಯಾಪ್ಸಿ ಬಿಡಬಹುದು, ಆ ನಿರ್ಧಾರ ತಜ್ಞರದ್ದು. ವಂಶವಾಹಿ ಪರೀಕ್ಷೆಯಿಂದ ರೋಗ ಇದೆಯೆಂದು ಹೇಳಲಾಗದು, ಏಕೆಂದರೆ ಆ ವಂಶವಾಹಿ ಇರುವ ಬಹುತೇಕರಿಗೆ ರೋಗ ಬರುವುದೇ ಇಲ್ಲ. ಅದು ಇಲ್ಲದಿದ್ದರೆ ಮಾತ್ರ ಸೀಲಿಯಾಕ್ ಅಲ್ಲವೆಂದು ಬಹುಮಟ್ಟಿಗೆ ಹೇಳಬಹುದು.

ಪಾವಿನ ಊರಿನಲ್ಲಿ

ಖಚಿತವಾದ ಮೇಲೆ ಮುಂಬಯಿಯಲ್ಲಿ ಬದುಕುವುದು ಹೇಗೆ? ಊರಿನ ಹಳೆಯ ಅಡಿಗೆಗೆ ಹಿಂದಿರುಗಿದರೆ ಅಷ್ಟೇನೂ ಕಷ್ಟವಲ್ಲ. ಕೊಂಕಣದ ಅಕ್ಕಿ ಭಾಕರಿ, ಘಾವಣ, ನಮ್ಮ ನೀರುದೋಸೆ, ಉತ್ತರ ಕರ್ನಾಟಕದ ಜೋಳದ ರೊಟ್ಟಿ, ರಾಗಿ, ಸಜ್ಜೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಏಕಾದಶಿಯ ಸಾಬೂದಾಣಿ ಖಿಚಡಿ, ರಾಜಗಿರಿ, ವರಿ ಅಕ್ಕಿ, ಶಿಂಗಾಡದ ಹಿಟ್ಟು ಇವೆಲ್ಲ ಈ ರೋಗಿಗಳಿಗೆ ಒಗ್ಗುವ ಆಹಾರ. ಗಣಪತಿಗೆ ಮಾಡುವ ಅಕ್ಕಿಹಿಟ್ಟಿನ ಹಬೆ ಮೋದಕ ಸರಿ, ಕರಿದ ಮೋದಕ ಬೇಡ.

ಕಣ್ಣಿಗೆ ಕಾಣದ ಗೋಧಿಯದ್ದೇ ತಲೆನೋವು. ಜೋಳ ಬೀಸಿಸಲು ಹಿಟ್ಟಿನ ಗಿರಣಿಗೆ ಕೊಟ್ಟರೆ, ಅದಕ್ಕೆ ಮೊದಲು ಅದೇ ಕಲ್ಲಿನಲ್ಲಿ ಗೋಧಿ ಬಿದ್ದಿರುತ್ತದೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಇಡ್ಲಿ, ದೋಸೆ ಇವೆಯೆಂದು ನೆಮ್ಮದಿಪಡುವಂತಿಲ್ಲ. ಅಂಗಡಿಯ ಇಂಗಿನ ಡಬ್ಬಿಯಲ್ಲಿರುವುದು ಹೆಚ್ಚಾಗಿ ಬರಿಯ ಇಂಗಲ್ಲ, ಮೈದಾ ಅಥವಾ ಗೋಂದು ಬೆರೆಸಿದ್ದು. ಅದು ಸಾಂಬಾರಿಗೆ ಬೀಳುತ್ತದೆ. ರವೆ ದೋಸೆ ಹುಯ್ದ ಕಾವಲಿಯ ಮೇಲೆಯೇ ಸಾದಾ ದೋಸೆ ಬರುತ್ತದೆ, ಗೋಳಿಬಜೆ ಕರಿದ ಎಣ್ಣೆಯಲ್ಲೇ ಉದ್ದಿನ ವಡೆ ಏಳುತ್ತದೆ. ಚೌಪಾಟಿಯ ಭೇಳಿನಲ್ಲಿ ಪುಡಿಮಾಡಿದ ಪುರಿ, ಚೈನೀಸ್ ಗಾಡಿಯ ಸೋಯಾ ಸಾಸಿನಲ್ಲಿ ಗೋಧಿ. ಲೂಸಿ ವಿಲ್ಸ್ ಗಿರಣಿಯ ಹೆಂಗಸರನ್ನು ಉಳಿಸಿದ ಮಾರ್ಮೈಟ್ ಕೂಡ ಬಾರ್ಲಿಯ ಕಾರಣ ಈ ಪಥ್ಯದವರಿಗೆ ನಿಷಿದ್ಧ.

ಸಾಲದ್ದಕ್ಕೆ ದೇವರ ಪ್ರಸಾದ. ಸತ್ಯನಾರಾಯಣ ಪೂಜೆಯ ಪ್ರಸಾದ ರವೆಯದು. ‘ಪ್ರಸಾದಕ್ಕೆ ದೋಷವಿಲ್ಲ, ಒಂದು ಚೂರು ತಗೊಳ್ಳಿ’ ಎಂದು ಪ್ರೀತಿಯಿಂದ ಮುಂದೆ ಚಾಚಿದ ಕೈಗೆ ಬೇಡವೆನ್ನುವುದು ಹೊಸ ಸೊಸೆಗೆ ಸುಲಭವಲ್ಲ. ಬಾಂದ್ರಾ, ವಸಯಿಯ ಕ್ಯಾಥೊಲಿಕರಿಗೂ ಇದೇ ಇಕ್ಕಟ್ಟು. ಪರಮಪ್ರಸಾದದ ರೊಟ್ಟಿ ಗೋಧಿಯದೇ ಇರಬೇಕು, ಗ್ಲುಟೆನ್ ಪೂರ್ತಿ ತೆಗೆದದ್ದು ಸಲ್ಲದು ಎಂದು ವ್ಯಾಟಿಕನ್ 2003ರಲ್ಲಿ ಹೇಳಿತು, 2017ರಲ್ಲಿ ಮತ್ತೆ ನೆನಪಿಸಿತು. ಅತಿ ಕಡಿಮೆ ಗ್ಲುಟೆನ್ ಇರುವ ರೊಟ್ಟಿಗೆ, ಇಲ್ಲವೇ ದ್ರಾಕ್ಷಾರಸ ಮಾತ್ರ ಸ್ವೀಕರಿಸುವುದಕ್ಕೆ ಅವಕಾಶ ಕೊಟ್ಟಿದೆ.

ಅಂಗಡಿಯ ಪೊಟ್ಟಣಗಳಿಗೆ ಈಗ ಕಾನೂನಿನ ಅಳತೆ ಇದೆ. ಎಫ್‌ಎಸ್‌ಎಸ್‌ಎಐ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್ ರಹಿತ ಎಂದು ಬರೆಯಬಹುದು. ಗೋಧಿ, ಬಾರ್ಲಿ, ರೈ, ಓಟ್ಸ್ ಇದ್ದರೆ ಅಲರ್ಜಿಯ ಸಾಲಿನಲ್ಲಿ ಹೇಳಲೇಬೇಕು. ಆದರೆ ಬೀದಿಬದಿಯ ಗಾಡಿಗೆ, ಹೋಟೆಲಿನ ಕಾವಲಿಗೆ, ಪಡಿತರದ ಚೀಲಕ್ಕೆ ಚೀಟಿ ಇರುವುದಿಲ್ಲ. ಗ್ಲುಟೆನ್ ರಹಿತ ಬ್ರೆಡ್ಡು, ಬಿಸ್ಕತ್ತಿನ ಬೆಲೆ ಚಾಳಿನ ಮನೆಗೆ ಎಟುಕುವುದಿಲ್ಲ. ಜೋಳ, ರಾಗಿ, ಅಕ್ಕಿಯನ್ನು ಮನೆಯಲ್ಲೇ ಆರಿಸಿ, ತೊಳೆದು, ಬೀಸಿಕೊಳ್ಳುವವರೇ ಇಲ್ಲಿ ಕಡಿಮೆ ಖರ್ಚಿನಲ್ಲಿ ಬಚಾವಾಗುತ್ತಾರೆ.

ಇಷ್ಟೆಲ್ಲ ಶ್ರಮಕ್ಕೆ ಒಂದು ಖಚಿತ ವರದಿ ಬೇಕು. ಅನುಮಾನದ ಮೇಲೆ ಹಿಡಿದ ಪಥ್ಯ ಮೊದಲ ಮದುವೆಮನೆಯಲ್ಲೇ ಮುರಿಯುತ್ತದೆ, ಸಾಬೀತಾದ ರೋಗದ ಪಥ್ಯ ನಿಲ್ಲುತ್ತದೆ. ಆ ವರದಿ ರೋಗಿಯೊಬ್ಬರದ್ದೇ ಅಲ್ಲ, ಮನೆಯವರದ್ದೂ ಹೌದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ಲೆಕ್ಕದ ಪ್ರಕಾರ ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಶೇ. 7.5ರಷ್ಟು ಮಂದಿಗೆ ಇದೇ ರೋಗವಿರುತ್ತದೆ. ಒಬ್ಬರಿಗೆ ಸೀಲಿಯಾಕ್ ಎಂದು ಗೊತ್ತಾದ ಮನೆಯಲ್ಲಿ ಉಳಿದವರು ಚಪಾತಿ ತಿನ್ನುವುದನ್ನು ಬಿಡುವ ಮೊದಲು ಒಮ್ಮೆ ರಕ್ತ ಕೊಟ್ಟು ಬರುವುದು ಒಳ್ಳೆಯದು.